ಜಾಗ ನಮ್ಮದು, ಜಾಹೀರಾತು ಯಾರಿಗೆ?

ಶಿರಾದಿಂದ ಹೊರಟ ಕೆಂಪು ಬಸ್ಸು ಪೀಣ್ಯ ದಾಟಿಯೇ ಮೆಜೆಸ್ಟಿಕ್ ಸೇರಬೇಕು. ಇದೇ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಯಿತು, 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ಕಟ್ಟಿದ ತಂಡದ ಯಜಮಾನ ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್. ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಇಂದಿಗೂ ಪೀಣ್ಯದಲ್ಲೇ ಇದೆ. ಐವತ್ತು ವರ್ಷದಿಂದ ನಮ್ಮ ಸೀಮೆಯ ಹುಡುಗರು, ಹುಡುಗಿಯರು ಆ ಕಾಂಪೌಂಡಿನ ಆಸುಪಾಸಿನಲ್ಲೇ ಓಡಾಡುತ್ತಿದ್ದಾರೆ, ಗಾರ್ಮೆಂಟ್ಸ್ ಶಿಫ್ಟಿಗೆ, ಲೇತ್ ಮಿಷಿನ್ನಿನ ಕೆಲಸಕ್ಕೆ. ಒಳಗೆ ಹೋಗುವ ಬಾಗಿಲು ಯಾವುದು ಎಂದು ಅವರಿಗೆ ಹೇಳಿದ ಪುಣ್ಯಾತ್ಮ ಯಾರು?

ಆ ಬಾಗಿಲುಗಳಲ್ಲಿ ಒಂದರ ಹೆಸರು ಜೆ.ಆರ್.ಎಫ್., ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್. ಎಂ.ಎಸ್ಸಿ. ಅಥವಾ ಎಂ.ಇ. ಫಸ್ಟ್ ಕ್ಲಾಸಿನಲ್ಲಿ ಮುಗಿಸಿ, ನೆಟ್ ಇಲ್ಲವೇ ಗೇಟ್ ಪಾಸು ಮಾಡಿದ, 28 ವರ್ಷ ದಾಟದವರು ಸಾಮಾನ್ಯವಾಗಿ ಅರ್ಜಿ ಹಾಕಬಹುದು. ಪರಿಶಿಷ್ಟರಿಗೆ, ಹಿಂದುಳಿದವರಿಗೆ ವಯಸ್ಸಿನಲ್ಲಿ ಸಡಿಲಿಕೆ ಉಂಟು. 2023ರ ಜನವರಿಯಿಂದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ದರ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಬೇರೆ. ಎರಡು ವರ್ಷ ಕಳೆದು ಸೀನಿಯರ್ ಆದರೆ 42,000. ಇದು ಖಾಯಂ ನೌಕರಿ ಅಲ್ಲ, ನಿಜ. ಆದರೆ ಪ್ರಯೋಗಾಲಯದೊಳಗೆ ಕಾಲಿಡುವ, ಸಂಬಳ ತೆಗೆದುಕೊಳ್ಳುತ್ತಲೇ ಡಾಕ್ಟರೇಟ್ ಕಡೆ ನಡೆಯುವ ದಾರಿ. ಶೇಂಗಾ ಬೆಳೆದು ಸಾಲ ತೀರಿಸುವ ಮನೆಯ ಮಗಳಿಗೆ ಇದಕ್ಕಿಂತ ದೊಡ್ಡ ದಾರಿ ಇನ್ನೊಂದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಶಿಕ್ಷಣ ಇಲಾಖೆ ಈ ನಾಲ್ಕು ತಾಲ್ಲೂಕುಗಳನ್ನು ತುಮಕೂರಿನಿಂದ ಬಿಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಧುಗಿರಿಗೆ ಎಷ್ಟನೇ ಸ್ಥಾನ ಎಂದು ಬೊಬ್ಬೆ ಹೊಡೆಯುತ್ತಾರೆ. ಆಮೇಲೆ? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಗುರುತ್ವಾಕರ್ಷಣೆ ಕಲಿತ ಮಗು ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ದಿನವೇ ಮೂಕವಾಗುತ್ತದೆ. ಅದನ್ನೂ ಗೆದ್ದು, ತುಮಕೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿ, ಎಂ.ಎಸ್ಸಿ. ಮುಗಿಸಿತು ಅನ್ನಿ. ಮುಂದೆ ಸಿ.ಎಸ್.ಐ.ಆರ್. ನೆಟ್. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಕನ್ನಡದಲ್ಲಿ ಇಲ್ಲ! ಗೇಟ್ ಪೂರಾ ಇಂಗ್ಲಿಷ್. ಅದನ್ನು ನಡೆಸುವ ಸಂಸ್ಥೆಗಳಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟೂ ಒಂದು, 2024ರ ಸರದಿ ಅದರದ್ದೇ ಆಗಿತ್ತು. ಜೆ.ಆರ್.ಎಫ್. ಜಾಹೀರಾತು ಕೂಡ ಇಂಗ್ಲಿಷಿಗೆ ಒಂದು, ಹಿಂದಿಗೆ ಒಂದು.

"ವಿಜ್ಞಾನಕ್ಕೆ ಭಾಷೆ ಇಲ್ಲ ಕಣ್ರೀ" ಎಂದು ಕೆಲವು ಬೃಹಸ್ಪತಿಗಳು ಉಪದೇಶ ಮಾಡುತ್ತಾರೆ. ಒಪ್ಪೋಣ. ಹಾಗಿದ್ದರೆ ಹಿಂದಿ ಯಾಕೆ ಬಂತು ಸ್ವಾಮಿ? ಸೆಪ್ಟೆಂಬರ್ ಬಂದರೆ ಕೇಂದ್ರದ ಕಚೇರಿಗಳಲ್ಲೆಲ್ಲ ಹಿಂದಿ ಪಖ್ವಾಡ. ಇಸ್ರೋ ಕೇಂದ್ರಗಳಲ್ಲಿ ಹಿಂದಿಯಲ್ಲೇ ತಾಂತ್ರಿಕ ಸಂಕಿರಣ ನಡೆಯುತ್ತದೆ. ಹಿಂದಿಯಲ್ಲಿ ರಾಕೆಟ್ಟು ಹಾರುತ್ತದೆ, ಕನ್ನಡದಲ್ಲಿ ಅದು ನೆಲಕ್ಕೆ ಬೀಳುತ್ತದೆಯೇ?

ಆಗುವುದಿಲ್ಲ ಎನ್ನಬೇಡಿ. 2017ರಿಂದ ನೀಟ್ ಕನ್ನಡದಲ್ಲಿದೆ. 2021ರಿಂದ ಜೆಇಇ ಮೇನ್ ಕನ್ನಡದಲ್ಲಿದೆ. 2024ರಿಂದ ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ ಕನ್ನಡದಲ್ಲಿದೆ. ಅಂದರೆ ಬಂದೂಕು ಹಿಡಿಯಲು ಕನ್ನಡ ಸಾಕು, ದೂರದರ್ಶಕ ಹಿಡಿಯಲು ಮಾತ್ರ ಸಾಲದು! ಇದು ಯಾವ ಲೆಕ್ಕ?

ನೆಲ ಕೇಳುವಾಗ ಮಾತ್ರ ಭಾಷೆಯ ತಕರಾರು ಇರಲಿಲ್ಲ. ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಗೆ 2016ರಲ್ಲಿ ಬೀಗ ಬಿತ್ತು. ಅಲ್ಲಿ ಗಡಿಯಾರ ಜೋಡಿಸಿದ ಕೈಗಳು ಮನೆಗೆ ಹೋದವು, ನೂರಕ್ಕೂ ಹೆಚ್ಚು ಎಕರೆ ಜಾಗ ಇಸ್ರೋಗೆ ಹೋಯಿತು. ಪಾವಗಡದ ನೆರೆಯ ಚಳ್ಳಕೆರೆಯಲ್ಲಿ ದನ ಕುರಿ ಮೇಯುತ್ತಿದ್ದ ಸಾವಿರಾರು ಎಕರೆ ಅಮೃತಮಹಲ್ ಕಾವಲು ರಕ್ಷಣೆ, ಅಣು, ಬಾಹ್ಯಾಕಾಶ ಎಂದು ಹಂಚಿಹೋಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋ ತನ್ನ ಮರುಬಳಕೆ ವಿಮಾನವನ್ನು ಇಳಿಸಿ ನೋಡಿದ್ದು ಅಲ್ಲೇ. ಕುರಿಗಾಹಿಗೆ ಬೇಲಿ ಸಿಕ್ಕಿತು. ಅವನ ಮಗನಿಗೆ ಏನು ಸಿಕ್ಕಿತು? ಸಂಶೋಧನೆ ಬೇಡ ಎಂದು ನಾವು ಹೇಳುತ್ತಿಲ್ಲ. ಬೇಲಿಯಲ್ಲೊಂದು ಗೇಟು ಇರಲಿ, ಗೇಟಿನ ಬೋರ್ಡು ಅವನಿಗೆ ಓದಲು ಬರುವಂತಿರಲಿ ಎನ್ನುತ್ತಿದ್ದೇವೆ.

ಸರೋಜಿನಿ ಮಹಿಷಿ ವರದಿಯ ಹೆಸರು ಹೇಳಿ ಕೈ ತೊಳೆದುಕೊಳ್ಳುವವರಿಗೂ ಒಂದು ಮಾತು. 1983ರಲ್ಲಿ ನೇಮಿಸಿದ ಆ ಸಮಿತಿಯ 58 ಶಿಫಾರಸುಗಳು ನೌಕರಿಯ ಮಾತಾಡುತ್ತವೆ. ಫೆಲೋಶಿಪ್ಪು ನೌಕರಿಯೇ ಅಲ್ಲವಲ್ಲ, ಯಾವ ಗ್ರೂಪಿಗೆ ಸೇರಿಸುತ್ತೀರಿ? ಅದಕ್ಕೆ ಮೀಸಲಾತಿ ಕೇಳಿ ಕೂತರೆ ಇನ್ನೂ ನಲವತ್ತು ವರ್ಷ ಹೋಗುತ್ತದೆ. ಪೈಪೋಟಿಯಲ್ಲೇ ಗೆಲ್ಲುವ ಮಕ್ಕಳು ನಮ್ಮಲ್ಲಿದ್ದಾರೆ. ಆಲೂರು ಸೀಮೆಯ ಎ.ಎಸ್. ಕಿರಣ್ ಕುಮಾರ್ 2015ರಲ್ಲಿ ಇಸ್ರೋ ಅಧ್ಯಕ್ಷರಾಗಲಿಲ್ಲವೇ? ಓಟದ ಪಂದ್ಯ ಯಾವಾಗ, ಎಲ್ಲಿ ಎಂದೇ ಗೊತ್ತಿಲ್ಲದವನು ಗೆಲ್ಲುವುದು ಹೇಗೆ?

ಸುದ್ದಿಯೇ ಇಲ್ಲಿ ಬಂಡವಾಳ. ಒಳಗೆ ಅಣ್ಣನೋ ಚಿಕ್ಕಪ್ಪನೋ ಇರುವ ಮನೆಗೆ ಜಾಹೀರಾತು ಬಂದ ದಿನವೇ ಫೋನು ಹೋಗುತ್ತದೆ. ಅರ್ಜಿಗೆ ಕೊಡುವುದು ಕೆಲವೇ ವಾರ. ಪಾವಗಡದ ಹುಡುಗಿಗೆ ಗೊತ್ತಾಗುವ ಹೊತ್ತಿಗೆ ಕೊನೆಯ ದಿನ ಮುಗಿದಿರುತ್ತದೆ. ಇದರಲ್ಲಿ ದಿಲ್ಲಿಯನ್ನು ಮಾತ್ರ ಬೈದರೆ ಸಾಲದು. ವಿಧಾನಸೌಧದ ಮಹಾಶಯರು ನಾಲ್ಕು ತಾಲ್ಲೂಕಿಗೆ ಸೇರಿ ಮಧುಗಿರಿಯಲ್ಲಿ ಒಂದು ನೆಟ್, ಗೇಟ್ ತರಬೇತಿ ಕೇಂದ್ರ ತೆರೆಯಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇಸ್ರೋಗೆ ಪತ್ರ ಬರೆಯಲಿ: ಬೆಂಗಳೂರಿನ ಕೇಂದ್ರಗಳ ಪ್ರತಿ ಜಾಹೀರಾತೂ ಕನ್ನಡದಲ್ಲಿ ಬರಬೇಕು, ಪದವಿ ಕಾಲೇಜುಗಳಿಗೆ ಅಂಚೆಯಲ್ಲಾದರೂ ತಲುಪಬೇಕು. ನೆಟ್ ಪತ್ರಿಕೆಯಲ್ಲಿ ಹಿಂದಿ ಇರುವ ಜಾಗದ ಪಕ್ಕದಲ್ಲೇ ಕನ್ನಡ ಬರಬೇಕು ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಬಾಯಿ ಬಿಡಲಿ.

ಅವರು ಬಿಡುವವರೆಗೆ ನಾವು ಕಾಯಬೇಕಿಲ್ಲ. ಬೆಂಗಳೂರಿನಲ್ಲಿ ಕೂತ ಕನ್ನಡದ ಯುವಕರೇ, ನವೆಂಬರ್ ಒಂದರಂದು ಬೈಕಿಗೆ ಬಾವುಟ ಕಟ್ಟಿ ಹಾರನ್ ಬಾರಿಸಿದ್ದು ಸಾಕು. ಇಸ್ರೋ ಜಾಹೀರಾತು ಮುಂದಿನ ಸಲ ಕಣ್ಣಿಗೆ ಬಿದ್ದ ದಿನವೇ ಅದನ್ನು ಕನ್ನಡಕ್ಕೆ ತಿರುಗಿಸಿ, ಜೆರಾಕ್ಸ್ ಮಾಡಿಸಿ, ಊರಿಗೆ ಹೋಗುವ ಶನಿವಾರದ ಬಸ್ಸಿನಲ್ಲಿ ಕೊಂಡೊಯ್ಯಿರಿ. ಶಿರಾ ಬಸ್‌ಸ್ಟ್ಯಾಂಡಿನ ಗೋಡೆ, ಕೊರಟಗೆರೆ ಕಾಲೇಜಿನ ನೋಟಿಸ್ ಬೋರ್ಡು, ಪಾವಗಡದ ಲೈಬ್ರರಿ ಬಾಗಿಲು. ಮೈದಾ ಗೋಂದು ಮನೆಯಲ್ಲೇ ಕಾಯಿಸಿಕೊಳ್ಳಬಹುದು.