ಅಮ್ಮನ ಪಾವು, ಅಂಗಡಿಯವನ ಪಾವ್

ಕಳೆದ ತಿಂಗಳು ಅಪ್ಪ-ಅಮ್ಮ ತಿಪಟೂರಿನಿಂದ ಪುಣೆಗೆ ಬಂದರು. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಚೀಲ ಎತ್ತಿದರೆ ಸಿಕ್ಕಾಪಟ್ಟೆ ಭಾರ. ಒಳಗೆ ರಾಗಿಹಿಟ್ಟು, ಹುರುಳಿಕಾಳು, ಜೊತೆಗೆ ಒಂದು ಹಳೇ ಕಬ್ಬಿಣದ ಪಾವು. "ನಿಮ್ಮನೇಲಿ ಅಳೆಯೋಕೆ ಒಂದು ಪಾವೂ ಇಲ್ವಲ್ಲೋ" ಅಂದಳು ಅಮ್ಮ.

ಮರುದಿನ ನಮ್ಮ ಮನೆ ಕೆಳಗಿನ ಕಿರಾಣಿ ಅಂಗಡಿಯಲ್ಲಿ ಅಮ್ಮ ಎರಡು ಬೆರಳು ತೋರಿಸಿ "ಎರಡು ಪಾವು ತೊಗರಿಬೇಳೆ" ಅಂದಳು. "ಮ್ಹಣಜೇ ಅರ್ಧಾ ಕಿಲೋ" ಎಂದು ಅಂಗಡಿಯವ ತೂಗಿ ಕೊಟ್ಟ. ಮರಾಠಿಯಲ್ಲಿ ಪಾವ್ ಅಂದರೆ ಕಾಲು ಭಾಗ, ಪಾವ್ ಕಿಲೋ ಅಂದರೆ 250 ಗ್ರಾಂ. ನಮ್ಮ ಪಾವೂ ಸೇರಿನ ಕಾಲು ಭಾಗವೇ. ಆದರೆ ನಮ್ಮ ಕಡೆ ಅದು ತಕ್ಕಡಿಯ ಲೆಕ್ಕವಲ್ಲ, ಪಾತ್ರೆ ತುಂಬುವ ಲೆಕ್ಕ. ಈ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಮಾತ್ರೆ ನಡೆಯುತ್ತಿದೆ. ಇಲ್ಲಿನ ವೈದ್ಯರು ಕೊಟ್ಟ ಊಟದ ಪಟ್ಟಿಯಲ್ಲಿ ಎಲ್ಲವೂ ಗ್ರಾಂ ಲೆಕ್ಕ: ಮಧ್ಯಾಹ್ನಕ್ಕೆ 60 ಗ್ರಾಂ ರಾಗಿಹಿಟ್ಟಿನ ಮುದ್ದೆ. ನಾನು ಎಕ್ಸೆಲ್ ತೆರೆದು ಒಂದು ಪಾವಿಗೆ 250 ಗ್ರಾಂ ಎಂದು ಹಾಕಿ, "ಕಾಲು ಪಾವು ಹಿಟ್ಟು ಸಾಕಮ್ಮ" ಅಂದೆ. "ಇಷ್ಟಕ್ಕೆ ಮುದ್ದೆ ಆಗುತ್ತೇನೋ, ನಿಂಬೆಹಣ್ಣಾಗುತ್ತೆ" ಅಂದಳು. "ಪಟ್ಟೀಲಿ ಹಾಗೇ ಇದೆ" ಅಂದೆ.

ಮೂರನೇ ದಿನ ಸಂಜೆ ಅಪ್ಪ ಬೆವೆತು ನಡುಗತೊಡಗಿದರು. ಗ್ಲುಕೋಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಅಪಾಯ. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಫೋನಿನಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಊಟ ಎಷ್ಟು ಮಾಡಿದ್ದರು?"

ಅವತ್ತೇ ರಾತ್ರಿ ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದೆ. ಅಮ್ಮನ ಪಾವಿಗೆ ನೀರು ತುಂಬಿದರೆ 240 ಗ್ರಾಂ, ಅಂದರೆ 240 ಮಿ.ಲೀ. ತಲೆ ಸವರಿ ಅಳೆದ ಅಕ್ಕಿ 205 ಗ್ರಾಂ. ರಾಗಿಹಿಟ್ಟು ಬರೀ 130! ಕಾಲು ಪಾವಿಗೆ 32 ಗ್ರಾಂ ಚಿಲ್ಲರೆ. ಮೂರು ದಿನ ಅಪ್ಪನಿಗೆ ಅರ್ಧ ಊಟ ಹಾಕಿದ್ದೆ, ಮಾತ್ರೆ ಮಾತ್ರ ಪೂರ್ತಿ. ಅದೇ ಹಿಟ್ಟನ್ನು ಕುಟ್ಟಿ ತುಂಬಿದರೆ 160 ಆಯಿತು. ಪಾವು ಒಂದೇ, ತೂಕ ಹತ್ತಾರು.

1983ರ ಜುಲೈನಲ್ಲಿ ಕೆನಡಾದ ಒಂದು ಬೋಯಿಂಗ್ 767ಕ್ಕೂ ಹೀಗೇ ಆಗಿತ್ತು. ಇಂಧನದ ಲೀಟರನ್ನು ಕಿಲೋಗೆ ತಿರುಗಿಸುವಾಗ 0.8ರ ಬದಲು ಪೌಂಡಿನ ಲೆಕ್ಕದ 1.77 ಬಳಸಿದರು. ಬೇಕಾದ್ದರಲ್ಲಿ ಅರ್ಧದಷ್ಟೇ ಇಂಧನ ಹೊತ್ತು ಹಾರಿದ ವಿಮಾನ, ಎಂಜಿನ್ ನಿಂತು ತೇಲುತ್ತಾ ಬಂದು ಗಿಮ್ಲಿ ಎಂಬಲ್ಲಿ ಇಳಿಯಿತು. ಪ್ರಾಣಹಾನಿ ಆಗಲಿಲ್ಲ. ಸಾಫ್ಟ್‌ವೇರಿನವರಿಗೆ ಇಂಥ ಕಥೆಗಳು ಬಾಯಿಪಾಠ. ಮನೆಯ ಮುದ್ದೆಗೆ ಮಾತ್ರ ನೆನಪಾಗಲಿಲ್ಲ.

ನಿಮ್ಮ ಮನೆಯಲ್ಲೂ ಪಾವು, ಲೋಟ, ವಾಟಿ ಇರುತ್ತವೆ. ಪಥ್ಯದವರಿದ್ದರೆ ಇಂಟರ್‌ನೆಟ್ಟಿನ ಕೋಷ್ಟಕ ನಂಬಿ ಕೂರಬೇಡಿ. ನಿಮ್ಮದೇ ಪಾತ್ರೆಯಲ್ಲಿ ನಿಮ್ಮದೇ ಅಕ್ಕಿ, ಹಿಟ್ಟು, ಬೇಳೆಯನ್ನು ಒಮ್ಮೆ ತೂಗಿ, ಆಯಾ ಡಬ್ಬಿಯ ಮೇಲೆ ಬರೆದು ಅಂಟಿಸಿ. ಗೋಪುರ ಬರುವಂತೆ ತುಂಬಿದ್ದೋ, ತಲೆ ಸವರಿದ್ದೋ ಅನ್ನುವುದನ್ನೂ ಬರೆಯಿರಿ.

ನಮ್ಮ ರಾಗಿಹಿಟ್ಟಿನ ಡಬ್ಬಿಯ ಮೇಲೆ ಈಗ "ಅರ್ಧ ಪಾವು, ಸ್ವಲ್ಪ ಕಮ್ಮಿ" ಎಂದು ಅಮ್ಮನ ಕೈಬರಹವಿದೆ. ಅಪ್ಪನ ತಟ್ಟೆಯಲ್ಲಿ ಮುದ್ದೆ ಮತ್ತೆ ಮುದ್ದೆಯ ಗಾತ್ರಕ್ಕೆ ಬಂದಿದೆ.