ಒಂದೇ ಕಿವಿಗೆ ಕೇಳುವ ಹೆಡ್‌ಫೋನ್: ಬಿಸಾಡುವುದೋ, ಬಿಚ್ಚುವುದೋ?

ಹೆಡ್‌ಫೋನ್ ಒಂದು ಕಿವಿಗೆ ಕೇಳದಿದ್ದರೆ ನಮ್ಮ ಕಾಲೇಜಿನಲ್ಲಿ ಸಿಗುವ ಸಲಹೆ ಒಂದೇ: "ಬಿಸಾಡು, ಹೊಸದು ತಗೋ." ನಾನು ಒಪ್ಪುವುದಿಲ್ಲ. ಹಾಗಂತ ಎಲ್ಲವನ್ನೂ ನಾವೇ ಬಿಚ್ಚಿ ಕೂರಬೇಕು ಎಂದೂ ಹೇಳುತ್ತಿಲ್ಲ. ಎಲ್ಲಿ ಕೆಟ್ಟಿದೆ ಎಂದು ನೋಡುವ ಮೊದಲೇ ತೀರ್ಮಾನ ಮಾಡುತ್ತೇವಲ್ಲ, ನನ್ನ ತಕರಾರು ಅದಕ್ಕೆ.

ನಮ್ಮ ಮನೆಯಲ್ಲಿ ಎರಡೇ ಕೋಣೆ. ಅಮ್ಮಿ ಹೊಲಿಗೆ ಮೆಷಿನ್ ತುಳಿಯುವಾಗ ಅಕೌಂಟೆನ್ಸಿ ವಿಡಿಯೊ ಪಾಠ ಕೇಳಬೇಕಾದರೆ ಹೆಡ್‌ಫೋನ್ ಬೇಕೇ ಬೇಕು. ನನ್ನದು ಭಾಯಿ ಬಳಸಿ ಬಿಟ್ಟ ವೈರಿನ ಹೆಡ್‌ಫೋನ್. ಎಡಗಡೆ ನಿಂತುಹೋದಾಗ ಪಿನ್ ಹತ್ತಿರ ವೈರನ್ನು ಮೆಲ್ಲಗೆ ಬಾಗಿಸಿದೆ. ಶಬ್ದ ಬಂದು ಬಂದು ಹೋಯಿತು. ಅಂದರೆ ಸ್ಪೀಕರ್ ಸರಿಯಿದೆ, ಒಳಗೆ ತಂತಿ ತುಂಡಾಗಿದೆ.

ಇನ್ನು ಲೆಕ್ಕ. ಭಾಯಿ ಎಂದೋ ಕೊಟ್ಟ 900 ರೂಪಾಯಿ ಮರಳಿ ಬಾರದ ಹಣ, ಅದನ್ನು ಬಿಡಿ. ಹೊಸ 3.5 ಮಿ.ಮೀ. ಪಿನ್‌ಗೆ 30 ರೂಪಾಯಿ. ಸೋಲ್ಡರಿಂಗ್ ಐರನ್ ಕೊಳ್ಳಲು ಹೊರಟರೆ ಲೆಕ್ಕ ತಲೆಕೆಳಗು; ನಾನು ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಚಾಚಾ ಹತ್ತಿರ ಕೇಳಿ ತಂದೆ. ಒಂದು ಸಂಜೆ ಹೋಯಿತು. ಪಾಠದಲ್ಲಿ ಓದುವ ಅವಕಾಶ ವೆಚ್ಚ ಇದೇ. ಪರೀಕ್ಷೆಯ ವಾರವಾಗಿದ್ದರೆ ಅಂಗಡಿಗೇ ಕೊಡುತ್ತಿದ್ದೆ.

ಕಷ್ಟದ ಕೆಲಸವೆಂದರೆ ತಂತಿಯದು. ಕೂದಲಿನಷ್ಟು ತೆಳು, ಮೇಲೆ ಬಣ್ಣದ ಲೇಪ. ಲೇಪ ಕೆರೆದು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್. ಪಿನ್ನಿನ ತುದಿ ಎಡ, ನಡುವಿನ ಉಂಗುರ ಬಲ. ಮೈಕ್ ಇದ್ದರೆ ಇನ್ನೊಂದು ಉಂಗುರ ಇರುತ್ತದೆ, ಆಗ ಸ್ವಲ್ಪ ಗೋಜಲು. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ.

ಬ್ಲೂಟೂತ್‌ದಾದರೆ ನನ್ನ ಮಾತು ಬೇರೆ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಚಾಕು ತಗುಲಿದರೆ ಬೆಂಕಿ ಹೊತ್ತಬಹುದು. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಕೇಂದ್ರ ಸರಕಾರ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ಸಂತೋಷ. ಆದರೆ ಅಂಟು ಹಾಕಿ ಮುಚ್ಚಿದ ಇಯರ್‌ಬಡ್ ಅನ್ನು ಪೋರ್ಟಲ್ ಬಿಚ್ಚಿಕೊಡುತ್ತದೆಯೇ?

ಮನೆಯಲ್ಲಿ ನಾವು ರಿಪೇರಿಗೆ ಮರಮ್ಮತ್ ಎನ್ನುತ್ತೇವೆ. ಕನ್ನಡದ ‘ಮರಾಮತ್ತು’ ಕೂಡ ಅದೇ ಪದ. ಪದ ಎರಡೂ ಭಾಷೆಯಲ್ಲಿದೆ, ಉಪಕರಣ ಮಾತ್ರ ಸೈನ್ಸ್‌ನವರ ಲ್ಯಾಬಿನಲ್ಲಿ ಬೀಗದೊಳಗಿದೆ. ಪ್ರಾಂಶುಪಾಲರಲ್ಲಿ ನನ್ನ ಮನವಿ ಇಷ್ಟೇ: ತಿಂಗಳಿಗೊಂದು ಶನಿವಾರ, ತರಗತಿ ಮುಗಿದ ಮೇಲೆ ಒಂದು ಗಂಟೆ, ಕಾಮರ್ಸ್ ಮತ್ತು ಆರ್ಟ್ಸ್‌ನವರಿಗೂ ಆ ಬಾಗಿಲು ತೆರೆಯಲಿ. ಪಿನ್ ನಾವೇ ತರುತ್ತೇವೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ