ಕಂಪ್ಯೂಟರ್ ಓದು: ಸರ್ಟಿಫಿಕೇಟ್ ಬಂತು, ವಿದ್ಯೆ ಬಂತೇ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮಾರನೇ ದಿನದಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಒಂದೇ ಮಾತು. "ನಮ್ಮ ಹುಡುಗನ್ನ ಕಂಪ್ಯೂಟ್ರಿಗೆ ಹಾಕ್ಬುಡಾಣ." ಯಾವ ಕಂಪ್ಯೂಟರು, ಯಾವ ಕೋರ್ಸು, ಎಷ್ಟು ವರ್ಷ, ಓದಿದ ಮೇಲೆ ಏನು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಡಿಪ್ಲೊಮಾ, ಬಿಸಿಎ, ಬಿ.ವೋಕ್, ಬಿಇ, ಎಂಸಿಎ ಎಲ್ಲವೂ ಅಪ್ಪಂದಿರ ಪಾಲಿಗೆ ಒಂದೇ ತಕ್ಕಡಿಯ ಬೆಲ್ಲ. ಆದರೆ ಒಂದೊಂದರ ತೂಕ ಬೇರೆ, ಒಂದೊಂದರ ಗುಣ ಬೇರೆ. ಈ ವ್ಯತ್ಯಾಸ ತಿಳಿಯದೆ ಹಣ ಕಟ್ಟಿ, ಮೂರು ವರ್ಷ ಕಳೆದು, ಕೊನೆಗೆ ಕೈಚೆಲ್ಲಿ ಕೂತ ಮನೆಗಳು ಈ ನಾಲ್ಕೂ ತಾಲ್ಲೂಕಿನಲ್ಲಿವೆ. ಅದಕ್ಕೇ ಈ ಬಾರಿ ಈ ವಿಷಯ.

ಕಬ್ಬಿನ ಲೆಕ್ಕದಲ್ಲಿ

ಮೊದಲು ಹಣದ ಮಾತು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅಂದರೆ ಟನ್ನಿಗೆ 3550. ಮಗ ಕೇಳುವ ಸಾಧಾರಣ ಲ್ಯಾಪ್‌ಟಾಪಿಗೆ 40,000 ಎಂದಿಟ್ಟುಕೊಂಡರೆ ಹನ್ನೊಂದು ಟನ್ನಿಗೂ ಮೇಲೆ ಕಬ್ಬು ಹೋಯಿತು. ಅದೂ ಗೊಬ್ಬರ, ಕೂಲಿಯ ಖರ್ಚು ಕಳೆಯುವುದಕ್ಕೆ ಮುಂಚೆ. ಫೀಸು, ರೂಮು ಬಾಡಿಗೆ, ಊಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನೊಂದು ಕಡೆ ಸರ್ಕಾರದ ಯುವನಿಧಿ. 2024ರ ಜನವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3000, ಡಿಪ್ಲೊಮಾ ಮಾಡಿದವನಿಗೆ 1500 ಎಂದು ಗೊತ್ತುಮಾಡಿದರು. ಅದೂ ಹೆಚ್ಚೆಂದರೆ ಎರಡು ವರ್ಷ. ಪದವಿ ಪಡೆದ ಮಗನಿಗೆ ಸರ್ಕಾರ ಕೊಡುವ ಭತ್ಯೆ ಅಪ್ಪ ಬೆಳೆದ ಒಂದು ಟನ್ ಕಬ್ಬಿನ ಬೆಲೆಗಿಂತ ಕಡಿಮೆ! ಭತ್ಯೆ ಬೇಡ ಎನ್ನುವುದು ನಮ್ಮ ವಾದವಲ್ಲ. ಆದರೆ ಭತ್ಯೆ ಪಡೆಯುವುದಕ್ಕಾಗಿ ಯಾರೂ ಮಕ್ಕಳನ್ನು ಓದಿಸುವುದಿಲ್ಲ.

ಯಾವ ಓದು ಏನು?

ಎಸ್ಸೆಸ್ಸೆಲ್ಸಿ ಆದವನಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅದು ಮುಗಿದ ಮೇಲೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರ ಪ್ರವೇಶ. ಪಿಯುಸಿ ಆದವನಿಗೆ ಬಿಸಿಎ. ಬಿಸಿಎ ಆದ ಮೇಲೆ ಪಿಜಿಸಿಇಟಿ ಬರೆದರೆ ಎಂಸಿಎ. ಮೊದಲು ಮೂರು ವರ್ಷವಿದ್ದ ಎಂಸಿಎ 2020-21ರಿಂದ ಎರಡು ವರ್ಷಕ್ಕೆ ಇಳಿಯಿತು. ಯುಜಿಸಿ 2014ರಲ್ಲಿ ಬಿ.ವೋಕ್ ಎಂಬ ಇನ್ನೊಂದು ದಾರಿ ತೆರೆಯಿತು. ಅದರಲ್ಲಿ ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಬಿಟ್ಟರೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷ ಮುಗಿಸಿದರೆ ಪದವಿ. ನಡುವೆ ಮನೆಯ ಕಷ್ಟಕ್ಕೆ ಓದು ಬಿಡಬೇಕಾಗಿ ಬಂದ ಹುಡುಗನೂ ಬರಿಗೈಯಲ್ಲಿ ಹೋಗಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಈ ದಾರಿ ಇದೆ ಎಂದು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಪಾಲಿಟೆಕ್ನಿಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹೆಚ್ಚು ತಾತ್ಸಾರಕ್ಕೆ ಗುರಿಯಾಗಿರುವುದು ಅದೇ. 2020ರ ಸಿ-20 ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದ ಐದನೇ ಸೆಮಿಸ್ಟರನ್ನು ಒಂದೇ ವಿದ್ಯೆಗೆ ಬಿಟ್ಟುಕೊಟ್ಟರು. ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್, ಎಐ ಮತ್ತು ಮೆಷಿನ್ ಲರ್ನಿಂಗ್, ಕ್ಲೌಡ್, ಸೈಬರ್ ಸೆಕ್ಯುರಿಟಿ, ಇವುಗಳಲ್ಲಿ ಒಂದನ್ನು ಹಿಡಿದು ಸೆಮಿಸ್ಟರು ಪೂರ್ತಿ ಅದನ್ನೇ ಕಲಿಯಬೇಕು. ಆಮೇಲೆ ಇಂಟರ್ನ್‌ಶಿಪ್ಪೋ ಪ್ರಾಜೆಕ್ಟೋ ಮಾಡಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗ ಹದಿನೆಂಟು ತುಂಬುವ ಹೊತ್ತಿಗೆ ಪೂರ್ತಿ ಒಂದು ಅಪ್ಲಿಕೇಶನ್ ಕಟ್ಟಬಲ್ಲವನಾಗಬೇಕು ಎಂಬುದು ಅದರ ಲೆಕ್ಕ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಏರ್ಪಾಡು ಸಿಗುವುದು ಕಷ್ಟ.

ಫುಲ್ ಸ್ಟ್ಯಾಕ್ ಅಂದರೆ ಏನು ಮಹಾ? ನಮ್ಮೂರ ಹಾಲಿನ ಡೇರಿ ನೋಡಿದವರಿಗೆ ತಿಳಿಯುತ್ತದೆ. ಕ್ಯಾನು ಹಿಡಿದು ಬಂದವರು ನಿಲ್ಲುವ ಕಟ್ಟೆ ಒಂದು. ಹಾಲು ಅಳೆದು, ಫ್ಯಾಟ್ ನೋಡಿ, ದರ ಲೆಕ್ಕ ಹಾಕುವವನು ಒಬ್ಬ. ಯಾರದು ಎಷ್ಟು ಲೀಟರ್ ಎಂದು ಬರೆದಿಡುವ ಲೆಡ್ಜರು ಒಂದು. ಸಾಫ್ಟ್‌ವೇರಿನಲ್ಲೂ ಅಷ್ಟೇ. ಫೋನಿನಲ್ಲಿ ಕಾಣುವ ಪರದೆ ಕಟ್ಟೆ, ಹಿಂದೆ ಲೆಕ್ಕ ಮಾಡುವ ಪ್ರೋಗ್ರಾಂ ಡೇರಿಯವನು, ಡೇಟಾಬೇಸೇ ಲೆಡ್ಜರು. ಈ ಮೂರನ್ನೂ ಒಬ್ಬನೇ ಮಾಡಬಲ್ಲನಾದರೆ ಅವನು ಫುಲ್ ಸ್ಟ್ಯಾಕ್ ಡೆವಲಪರ್. ಇದನ್ನು ಗೈಡು ಉರುಹೊಡೆದು ಕಲಿಯುವುದಕ್ಕೆ ಬರುವುದಿಲ್ಲ. ಕೈಯಾರೆ ಮಾಡಿ, ತಪ್ಪಾಗಿ, ತಿದ್ದಿ, ಮತ್ತೆ ಮಾಡಿಯೇ ಕಲಿಯಬೇಕು. ಈಜು ಕಲಿತ ಹಾಗೆ.

ನಾಲ್ಕು ತಾಲ್ಲೂಕು, ನಾಲ್ಕು ಸ್ಥಿತಿ

ಶ್ರೀರಂಗಪಟ್ಟಣದವರು ಅದೃಷ್ಟವಂತರು. ಮೈಸೂರು ಕಣ್ಣಳತೆಯಲ್ಲಿದೆ. ತಾಲ್ಲೂಕಿನ ಬೆಳವಾಡಿಯಲ್ಲೇ ಖಾಸಗಿ ಎಂಜಿನಿಯರಿಂಗ್ ಕಾಲೇಜಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಕಾಸು ಕೊಡದೆ ಸರ್ಕಾರಿ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಓದಿ ಬರಬಹುದು. ಬಸ್ ಚಾರ್ಜಿನ ನೆಪ ಹೇಳಿ ಮಗಳನ್ನು ಮನೆಯಲ್ಲಿ ಕೂರಿಸುವುದಕ್ಕೆ ಈಗ ಕಾರಣವಿಲ್ಲ.

ಪಾಂಡವಪುರದ ಕಥೆ ವಿಚಿತ್ರ. ಇದೇ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನ ವಿದ್ವಾಂಸರು, ದೇಶದಲ್ಲಿ ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲದಲ್ಲೇ, ಪಾಣಿನಿಯ ವ್ಯಾಕರಣಕ್ಕೂ ಕಂಪ್ಯೂಟರಿಗೂ ನಂಟು ಹುಡುಕಿದ್ದರು. ಅದೇ ಊರಿನಲ್ಲಿ ಎಸ್‌ಇಟಿ ಪಾಲಿಟೆಕ್ನಿಕ್ ಇದೆ. ಆದರೂ ತಾಲ್ಲೂಕಿನ ಜನ ಕಂಪ್ಯೂಟರ್ ಅಂದರೆ ಬೆಂಗಳೂರಿನ ಕಡೆಗೇ ಮುಖ ಮಾಡುತ್ತಾರೆ. ಮನೆಯ ಮುಂದಿನ ಗಿಡ ಮದ್ದಲ್ಲ, ಅಷ್ಟೇ.

ಕೆ.ಆರ್.ಪೇಟೆಯ ಜನ ಹೊಟ್ಟೆಪಾಡಿಗೆ ಮುಂಬೈಯವರೆಗೂ ಹೋದವರು. 2020ರ ಮೇ ತಿಂಗಳಲ್ಲಿ ಕೊರೊನಾ ಕಾಲಕ್ಕೆ ಮುಂಬೈಯಿಂದ ವಾಪಸು ಬಂದವರ ಸಂಖ್ಯೆ ನೋಡಿದಾಗಲೇ ರಾಜ್ಯಕ್ಕೆಲ್ಲ ಇದು ತಿಳಿದದ್ದು. ಹೋಟೆಲು, ಟ್ಯಾಕ್ಸಿ, ಸಣ್ಣ ವ್ಯಾಪಾರ ಎಂದು ಹೋದ ಆ ತಲೆಮಾರಿನ ಮಕ್ಕಳಿಗೆ ಇಂದು ಊರಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. 2007ರಲ್ಲಿ ಬಂದದ್ದು. ಸರ್ಕಾರಿ ಪಾಲಿಟೆಕ್ನಿಕ್ಕೂ ಇದೆ. ಎಸ್ಸೆಸ್ಸೆಲ್ಸಿಯಿಂದ ಬಿಇವರೆಗೆ ತಾಲ್ಲೂಕು ದಾಟದೆ, ಸರ್ಕಾರಿ ಫೀಸಿನಲ್ಲಿ ಓದಬಹುದಾದ ದಾರಿ ಎಷ್ಟು ತಾಲ್ಲೂಕುಗಳಿಗೆ ಇದೆ ಹೇಳಿ?

ನಾಗಮಂಗಲದಲ್ಲಿ ನಾಲೆ ನೀರು ಕಮ್ಮಿ, ವಿದ್ಯಾಸಂಸ್ಥೆ ಜಾಸ್ತಿ. ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ಕಾಲೇಜುಗಳು ಬೆಳೆದು 2018ರಲ್ಲಿ ವಿಶ್ವವಿದ್ಯಾಲಯವೇ ಆಯಿತು. ಮಳೆಯನ್ನೇ ನಂಬಿದ ತಾಲ್ಲೂಕಿನವರು ಓದನ್ನು ನಂಬಿದ್ದು ಸಹಜ. ಆದರೆ ಇಲ್ಲಿ ಓದಿದವರಲ್ಲಿ ಊರಿಗೆ ತಿರುಗಿ ಬಂದವರು ಕಡಿಮೆ.

ಕೊರತೆ ಎಲ್ಲಿದೆ?

ಕಾಲೇಜು ಇದೆ, ಪಠ್ಯಕ್ರಮ ಇದೆ, ಹುಡುಗರ ಆಸೆಯೂ ಇದೆ. ಹಾಗಾದರೆ ಎಲ್ಲಿ ಎಡವಿದೆ?

ಒಂದು, ಕಲಿಸುವವರದು. ಸರ್ಕಾರಿ ಪದವಿ ಕಾಲೇಜುಗಳ ಭಾರವನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. 2023ರ ನವೆಂಬರಿನಿಂದ ಅವರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಬೀದಿಗಿಳಿದಾಗ ಒಂದು ತಿಂಗಳಿಗೂ ಹೆಚ್ಚು ಕಾಲ ಪಾಠ ನಿಂತಿತು. ಪ್ರೋಗ್ರಾಮಿಂಗ್ ಬಲ್ಲವನಿಗೆ ಕಂಪನಿಯಲ್ಲಿ ಕೈತುಂಬ ಸಂಬಳ. ಕಾಲೇಜಿನಲ್ಲಿ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಭಯ. ಒಳ್ಳೆಯವರು ಯಾಕೆ ಉಳಿಯುತ್ತಾರೆ? ಉಳಿದವರು ಅಭಿಮಾನಕ್ಕೆ ಉಳಿದಿದ್ದಾರೆ, ಅವರಿಗೆ ನಮಸ್ಕಾರ ಹೇಳಬೇಕು.

ಎರಡು, ಸರ್ಕಾರದ ಚಂಚಲ ಬುದ್ಧಿ. 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು. 2024ರ ಮೇನಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷ ಎಂದರು. 2024-25ರಿಂದ ಬಿಸಿಎಯನ್ನು ಎಐಸಿಟಿಇ ಹಿಡಿತಕ್ಕೆ ತಂದರು. 2019ರಲ್ಲಿ ಹುಟ್ಟಿದ ಮಂಡ್ಯ ವಿಶ್ವವಿದ್ಯಾಲಯದ ಹೆಸರು 2025ರ ಫೆಬ್ರವರಿಯಲ್ಲಿ ಮುಚ್ಚಬೇಕಾದ ವಿಶ್ವವಿದ್ಯಾಲಯಗಳ ಪಟ್ಟಿಗೆ ಬಂತು. ಒಂದೇ ಮನೆಯ ಅಣ್ಣ ಒಂದು ನಿಯಮದಲ್ಲಿ, ತಮ್ಮ ಇನ್ನೊಂದು ನಿಯಮದಲ್ಲಿ ಓದುವಂತಾಯಿತು. ರಾಜಕೀಯದವರ ಹಗ್ಗಜಗ್ಗಾಟದಲ್ಲಿ ಹಗ್ಗ ಮಾತ್ರ ನಮ್ಮ ಮಕ್ಕಳು.

ಮೂರು, ಮಾಡಿ ಕಲಿಯುವುದು ಇಲ್ಲ. ಇಂಟರ್ನ್‌ಶಿಪ್ ಎಂದರೆ ಬೆಂಗಳೂರಿನ ಯಾವುದೋ ಸಂಸ್ಥೆಗೆ ಹಣ ಕಟ್ಟಿ ಸರ್ಟಿಫಿಕೇಟ್ ತರುವುದು, ಪ್ರಾಜೆಕ್ಟ್ ಎಂದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಿ.ಡಿ.ಯೋ ಪೆನ್‌ಡ್ರೈವೋ ಎಂದಾಗಿಬಿಟ್ಟರೆ ಆ ಡಿಪ್ಲೊಮಾಗೆ ಬೆಲೆ ಎಲ್ಲಿಂದ ಬರಬೇಕು? ಇಂಥ ವ್ಯಾಪಾರ ನಡೆಸುವವರಷ್ಟೇ ತಪ್ಪು ಅದನ್ನು ಕೊಳ್ಳುವವರದೂ ಹೌದು.

ಬಾಗಿಲಲ್ಲೇ ಜರಡಿ

ಹೊರಗಿನ ಗಾಳಿಯೂ ಬದಲಾಗಿದೆ. ನಮ್ಮ ನೆರೆಯ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ 2025ರ ಫೆಬ್ರವರಿಯಲ್ಲಿ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಮನೆಗೆ ಕಳಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಮೂರು ಅವಕಾಶ ಕೊಟ್ಟರೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ಸಮಜಾಯಿಷಿ. ಪರೀಕ್ಷೆಯನ್ನೇ ಬಿಗಿ ಮಾಡಿದರು ಎಂಬುದು ಹುಡುಗರ ದೂರು. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಹೊಸದಾಗಿ ಸೇರಿದವನಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗನ್ನು ಈಗ ಎಐ ಬರೆದುಕೊಡುತ್ತದೆ.

ಹಾಗಂತ ಕಂಪ್ಯೂಟರ್ ಓದೇ ದಂಡ ಎಂದು ಹೇಳುವವರ ಮಾತು ನಂಬಬೇಡಿ. ಎಐ ಬರೆದದ್ದು ಸರಿಯೋ ತಪ್ಪೋ ಎಂದು ನೋಡುವುದಕ್ಕೆ ತಿಳಿದವನು ಬೇಕೇ ಬೇಕು. ಬರೀ ಸರ್ಟಿಫಿಕೇಟ್ ಇಟ್ಟುಕೊಂಡವನಿಗೆ ಕಷ್ಟ ಬಂತು, ವಿದ್ಯೆ ಇಟ್ಟುಕೊಂಡವನಿಗೆ ಇನ್ನೂ ಬಂದಿಲ್ಲ. ವ್ಯತ್ಯಾಸ ಇಷ್ಟೇ.

ಊರಲ್ಲೇ ಕೆಲಸವಿದೆ

ಸಾಫ್ಟ್‌ವೇರ್ ಅಂದರೆ ಅಮೆರಿಕದವನ ಬ್ಯಾಂಕಿಗೆ ದುಡಿಯುವುದು ಮಾತ್ರವೇ? 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ನೆನಪು ಮಾಡಿಕೊಳ್ಳಿ. ರಾಜ್ಯದ 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದುವರೆಗೆ ಪಹಣಿಗೆ ಗ್ರಾಮ ಲೆಕ್ಕಿಗರ ಹಿಂದೆ ಸುತ್ತಬೇಕಿತ್ತು. ಆಮೇಲೆ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೈಗೆ ಬಂತು. ಅದೂ ಸಾಫ್ಟ್‌ವೇರೇ. ನಮ್ಮವರ ಹಿಡುವಳಿ, ಖಾತೆ, ಪಾಲುಪಟ್ಟಿ ಏನೆಂದು ತಿಳಿದವರು ಜೊತೆಯಲ್ಲಿದ್ದು ಮಾಡಿಸಿದ್ದರಿಂದಲೇ ಅದು ನಿಂತಿತು.

ಇಂಥ ಕೆಲಸ ಇನ್ನೂ ರಾಶಿ ಬಿದ್ದಿದೆ. ಕಬ್ಬು ಕಟಾವಿನ ಸರದಿ ಇವತ್ತಿಗೂ ರೈತನಿಗೆ ತಲೆನೋವು. ಯಾರದು ಮೊದಲು, ಯಾರದು ಆಮೇಲೆ ಎಂದು ಫೋನಿನಲ್ಲೇ ಕಾಣುವಂತೆ ಮಾಡುವುದು ಐದನೇ ಸೆಮಿಸ್ಟರಿನ ಹುಡುಗ ಮಾಡಬಹುದಾದ ಕೆಲಸ. ಆಲೆಮನೆಯ ಲೆಕ್ಕ, ನಾಲೆಯಲ್ಲಿ ಕಟ್ಟು ನೀರಿನ ಸರದಿ, ಸ್ತ್ರೀಶಕ್ತಿ ಸಂಘದ ಉಳಿತಾಯ ಪುಸ್ತಕ ಎಲ್ಲವೂ ಅಷ್ಟೇ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು ಕೇಂದ್ರ 2022ರ ಜೂನ್‌ನಲ್ಲಿ 2516 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮಿಷನ್ನು ಬರುತ್ತದೆ. ಅದನ್ನು ನಡೆಸುವವನು, ಕೆಟ್ಟಾಗ ಸರಿಮಾಡುವವನು, ಕಾರ್ಯದರ್ಶಿಗೆ ಕನ್ನಡದಲ್ಲಿ ತಿಳಿಸಿ ಹೇಳುವವನು ಎಲ್ಲಿಂದ ಬರಬೇಕು?

ಆದ್ದರಿಂದ ನಮ್ಮ ಸಲಹೆ ಮೂರು. ಈ ನಾಲ್ಕು ತಾಲ್ಲೂಕಿನ ಪಾಲಿಟೆಕ್ನಿಕ್, ಎಂಜಿನಿಯರಿಂಗ್, ಬಿಸಿಎ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪನ್ನು ತಾಲ್ಲೂಕು ಪಂಚಾಯ್ತಿ, ಸಹಕಾರ ಸಂಘ, ಡೇರಿ, ಸಕ್ಕರೆ ಕಾರ್ಖಾನೆಗಳಲ್ಲೇ ಮಾಡಿಸಲಿ. ಕಾಲೇಜಿನ ಲ್ಯಾಬು ಸಂಜೆ ನಾಲ್ಕಕ್ಕೆ ಬೀಗ ಬೀಳದೆ ರಾತ್ರಿ ಎಂಟರವರೆಗೆ ತೆರೆದಿರಲಿ. ಲ್ಯಾಪ್‌ಟಾಪ್ ಕೊಳ್ಳಲಾರದ ಮನೆಯ ಮಕ್ಕಳಿಗೆ ಅದೇ ಆಸರೆ. ಮತ್ತು ಕಾಯಂ ಅಧ್ಯಾಪಕರನ್ನು ತುಂಬಲಿ. ಈ ಮೂರರಲ್ಲಿ ಮೊದಲ ಎರಡಕ್ಕೆ ದೊಡ್ಡ ದುಡ್ಡೇನೂ ಬೇಡ, ಮನಸ್ಸು ಬೇಕು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕಾಲೇಜಿಗೆ ಸೇರಿಸುವ ಮುಂಚೆ ಕಟ್ಟಡದ ಬಣ್ಣ ನೋಡಬೇಡಿ, ಬಸ್ಸಿನ ಮೇಲಿನ ಫೋಟೋ ನೋಡಬೇಡಿ. ಮೂರೇ ಪ್ರಶ್ನೆ ಕೇಳಿ. ಪ್ರೋಗ್ರಾಮಿಂಗ್ ಪಾಠ ಮಾಡುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ? ಒಬ್ಬ ಹುಡುಗನಿಗೆ ವಾರಕ್ಕೆ ಎಷ್ಟು ಗಂಟೆ ಒಂದು ಕಂಪ್ಯೂಟರು ಸಿಗುತ್ತದೆ? ಹೋದ ವರ್ಷ ಓದಿ ಹೋದವರು ತಾವೇ ಮಾಡಿದ ಒಂದು ಪ್ರಾಜೆಕ್ಟನ್ನು ತೋರಿಸುತ್ತೀರಾ? ನೆಟ್ಟಗೆ ಉತ್ತರ ಬಂದರೆ ಸೇರಿಸಿ. "ಎಲ್ಲ ಇದೆ ಸಾರ್, ಮೊದಲು ಫೀಸು ಕಟ್ಟಿ" ಎಂದರೆ ಎದ್ದು ಬನ್ನಿ.

ಜಿಲ್ಲೆಯ ಶಾಸಕರು, ಉಸ್ತುವಾರಿ ಸಚಿವರು ಕಾಲೇಜಿಗೆ ಹೊಸ ಕಟ್ಟಡದ ಗುದ್ದಲಿಪೂಜೆಗೆ ತಪ್ಪದೆ ಬರುತ್ತಾರೆ. ಮುಂದಿನ ಬಾರಿ ಬಂದಾಗ ಒಂದು ಗಳಿಗೆ ಲ್ಯಾಬಿನೊಳಗೂ ಹೋಗಿ, ಎಷ್ಟು ಕಂಪ್ಯೂಟರ್ ಉರಿಯುತ್ತಿವೆ, ಅವುಗಳ ಮುಂದೆ ಕೂತು ಕಲಿಸುವವರು ಇದ್ದಾರೋ ಇಲ್ಲವೋ ಎಂದು ಎಣಿಸಿ ಬರಲಿ. ಆ ಎಣಿಕೆಯನ್ನು ಪ್ರಕಟಿಸುವುದಕ್ಕೆ ಪತ್ರಿಕೆಯಲ್ಲಿ ಜಾಗ ಇದ್ದೇ ಇದೆ.